ನನ್ನ ಸಿಟ್ಟಿನ ಚಿತ್ರ

ಮನುಷ್ಯನಿಗೆ ತನ್ನದೆಂದು ಹೇಳಿಕೊಳ್ಳಲು ಒಂದಾದರೂ ಗುಣ ಬೇಕು. ಕೆಲವರಿಗೆ ಒಳ್ಳೆಯ ಕಂಠವಿರುತ್ತದೆ, ಕೆಲವರಿಗೆ ತಲೆತುಂಬ ಕೂದಲಿರುತ್ತದೆ. ನನಗಿರುವುದು ಸಿಟ್ಟು. ನಮ್ಮೂರು ಅಗಡಿಯಲ್ಲಿ ನಮ್ಮಪ್ಪ ಒಮ್ಮೆ ಕೆಮ್ಮಿದರೆ ಸಾಕು, ಅಂಗಳದಲ್ಲಿ ಜಗಳವಾಡುತ್ತಿದ್ದವರು ಬಾಯಿ ಮುಚ್ಚುತ್ತಿದ್ದರು. ಅಪ್ಪನ ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಂಡೆವು. ಸಿಟ್ಟು ಮಾತ್ರ ಪೂರ್ತಿ ನನ್ನ ಪಾಲಿಗೇ ಬಂತೆಂದು ನಂಬಿದ್ದೆ. ಹಾವೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ, ನಿವೃತ್ತನಾದ ಮೇಲೆ ಮನೆಯವರನ್ನು ತಿದ್ದುತ್ತ, ಈ ಒಂದು ನಂಬಿಕೆಯ ಮೇಲೆ ಇಷ್ಟು ವರ್ಷ ತಲೆಯೆತ್ತಿ ಬಾಳಿದ್ದೇನೆ.

ಹೀಗಾಗಿ ಮಗಳು ಸುಧಾ, "ಅಪ್ಪಾ, ನೀವು ಸಿಟ್ಟಿಗೆದ್ದಾಗ ಹೆಂಗ ಕಾಣ್ತೀರಿ, ಅದನ್ನ ಚಿತ್ರಾ ಬರೀತೀನಿ" ಎಂದಾಗ ಒಳಗೊಳಗೇ ಹಿಗ್ಗಿದೆ. ಅವಳು ರಾಣೇಬೆನ್ನೂರಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಅಲ್ಲೊಂದು ಪ್ರದರ್ಶನವಂತೆ. ಮನೆಯವರಷ್ಟೇ ಕಂಡ ನನ್ನ ಉಗ್ರರೂಪವನ್ನು ಪಕ್ಕದ ತಾಲೂಕಿನವರೂ ನೋಡಲಿ ಎಂದು ಒಪ್ಪಿಕೊಂಡೆ. ಆದರೆ ಸಿಟ್ಟು ಕರೆದಾಗ ಬರುವಂಥದ್ದಲ್ಲ ನೋಡಿ. ಕುರ್ಚಿಯಲ್ಲಿ ಕೂತು ಪಕ್ಕದ ಮನೆಯ ಮಿಕ್ಸರಿನ ಸದ್ದು, ಯಾರೋ ಎತ್ತಿಟ್ಟ ಟಿವಿ ರಿಮೋಟು ಎಲ್ಲವನ್ನೂ ನೆನೆಸಿಕೊಂಡು ಹುಬ್ಬು ಗಂಟಿಕ್ಕಬೇಕಾಯಿತು.

ಚಿತ್ರ ಮುಗಿದ ದಿನ ಬ್ಯಾಡಗಿಯಿಂದ ನನ್ನ ಹೆಂಡತಿಯ ತಮ್ಮ ಶಿವಾನಂದ ಬಂದಿದ್ದ. ಮೆಣಸಿನಕಾಯಿ ವ್ಯಾಪಾರಿ, ಅವನು ಒಳಗೆ ಬಂದರೆ ನಾವೆಲ್ಲ ಸೀನಿಯೇ ಸ್ವಾಗತಿಸುವುದು. ಸುಧಾ ಚಿತ್ರಕ್ಕೆ ಹೊದಿಸಿದ್ದ ಬಟ್ಟೆ ಸರಿಸಿದಳು. ನನಗೇ ಎದೆ ಝಲ್ಲೆಂದಿತು. ಹಣೆ, ಮೂಗು ಕಡುಗೆಂಪು. ಗದ್ದದ ಕೆಳಗೆ ಕಪ್ಪಿಗೆ ತಿರುಗಿದ ನೀಲಿ. ಹುಬ್ಬಿನ ಮೇಲಂತೂ ರೊಟ್ಟಿಗೆ ಬೆಣ್ಣೆ ಮೆತ್ತಿದ ಹಾಗೆ ಬಣ್ಣ ಮೆತ್ತಿದ್ದಳು. ಖುಷಿಯಾಗಿ ಗಂಟಲು ಸರಿಮಾಡಿಕೊಂಡು ವಿಮರ್ಶೆಗೆ ಇಳಿದೆ. "ಈ ಕೆಂಪು ಅಂದ್ರ ರೌದ್ರ. ಈ ದಪ್ಪ ಗೀರು ಅಂದ್ರ ಆವೇಶ. ಒಟ್ಟು ಚಿತ್ರದ ಭಾವ ಏನಂದ್ರ, ನೋಡಿದವರು ಹೆದರಬೇಕು."

ಶಿವಾನಂದ ಮಾಲು ನೋಡುವವನಂತೆ ಕಣ್ಣು ಕಿರಿದು ಮಾಡಿ ಹತ್ತಿರ ಹೋದ. "ಬಣ್ಣ ಅಗದೀ ಚಲೋ ಬಂದೈತ್ರಿ ಮಾವಾರ. ಆದ್ರ ಇದು ನಮ್ಮ ಬ್ಯಾಡಗಿ ಮಾಲು. ಬಣ್ಣ ಭಾಳ, ಖಾರ ಕಡಿಮಿ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಖಾರ ಎಲ್ಲಿಂದ ಬರಬೇಕೋ ತಮ್ಮಾ? ಆ ಕಣ್ಣು ನೋಡು. ತಾವು ಒದರೂದನ್ನ ಯಾರರ ಕೇಳಾಕತ್ತಾರೋ ಇಲ್ಲೋ ಅಂತ ಅಡಿಗಿಮನಿ ಬಾಗಲಾ ಕಡೆ ನೋಡಾಕತ್ತಾವ."

"ಅದಕ್ಕ ಅವ್ವಾ, ಕಣ್ಣಿಗೆ ದಪ್ಪ ಬಣ್ಣ ಹಾಕಿಲ್ಲ" ಎಂದಳು ಸುಧಾ. "ಸಣ್ಣ ಕುಂಚದಿಂದ ತೆಳ್ಳಗ ಒಂದ ಎಳಿ ಎಳದು ಬಿಟ್ಟೇನಿ."

ಖರೇ ಹೇಳುತ್ತೇನೆ, ನನಗೆ ತುಂಬ ಬೇಜಾರಾಯಿತು. ಹಾಗಾದರೆ ಇಷ್ಟು ವರ್ಷ ನಾನು ಕೂಗಾಡಿದಾಗ ಇವರು ಸುಮ್ಮನಿದ್ದದ್ದು ಹೆದರಿ ಅಲ್ಲವೇ? ನಗು ತಡೆದುಕೊಳ್ಳುವುದಕ್ಕೇ? ಅಪ್ಪನ ಆಸ್ತಿಯಲ್ಲಿ ನನಗೆ ಬಂದದ್ದು ಬರೀ ಕೆಮ್ಮೇ? ಯೋಚಿಸುತ್ತ ಯೋಚಿಸುತ್ತ ನಿಜವಾದ ಸಿಟ್ಟೇ ಬಂತು. ಎದ್ದು ನಿಂತು, ಕೈಯೆತ್ತಿ, "ಯಾರಿಗೆ ಖಾರ ಇಲ್ಲಂತೀರಿ? ಈ ಚಿತ್ರ ರಾಣೇಬೆನ್ನೂರಿಗೆ ಹೋಗೂದ ಬ್ಯಾಡ!" ಎಂದು ಗೋಡೆ ನಡುಗುವಂತೆ ಗುಡುಗಿದೆ.

ಗೋಡೆ ನಡುಗಲಿಲ್ಲ. ಮೂವರೂ ನನ್ನನ್ನು ನೋಡಿದರು, ಚಿತ್ರ ನೋಡಿದರು, ಮತ್ತೆ ನನ್ನನ್ನು ನೋಡಿದರು. ಸುಧಾ ಗಡಿಬಿಡಿಯಿಂದ ಕುಂಚ ಎತ್ತಿಕೊಂಡಳು. "ಅಪ್ಪಾ, ಹಂಗ ನಿಂದರ್ರಿ, ಅಲುಗಾಡಬ್ಯಾಡ್ರಿ! ಮೂಗಿನ ತುದಿಗೆ ಇನ್ನೊಂಚೂರು ಕೆಂಪು ಬೇಕು." ಹೆಂಡತಿ ಚಹಾ ಮಾಡಲು ಒಳಗೆ ಹೋದಳು.

ಮಗಳ ಕಲೆಗೆ ಅಡ್ಡಿಯಾಗಬಾರದೆಂದು, ಕೈಯೆತ್ತಿದ ಭಂಗಿಯಲ್ಲೇ ಹಲ್ಲು ಕಚ್ಚಿಕೊಂಡು ನಿಂತೆ. ಸಿಟ್ಟನ್ನು ಆರದಂತೆ ಹಿಡಿದಿಡುವುದು ಸಾಮಾನ್ಯ ಕೆಲಸವಲ್ಲ. ನಾನಂತೂ ಹಿಡಿದಿದ್ದೆ. ಅಷ್ಟರಲ್ಲಿ ಒಳಗಿನಿಂದ ಶುಂಠಿ ಕುಟ್ಟುವ ಸದ್ದು ಕೇಳಿಸಿತು. ಶಿವಾನಂದ ಮೆಲ್ಲಗೆ ಸುಧಾಳಿಗೆ ಹೇಳಿದ: "ಕಣ್ಣು ತಿದ್ದಬ್ಯಾಡವಾ. ಈಗ ನೋಡು, ಮತ್ತ ಹೊಳ್ಳಿದ್ವು ಅಡಿಗಿಮನಿ ಬಾಗಲಾ ಕಡೆ."