ದವಾಖಾನೆಯ ಫ್ರಿಜ್ಜಿನಲ್ಲಿ ಎರಡು ತೊಡೆ

ಆಡಿಗೆ ಔಷಧ ಕೊಡುವವನು ಆಡನ್ನು ತಿನ್ನಬಹುದೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ವಾರದ ಆರು ದಿನ ಆಡುಗಳ ಹೊಟ್ಟೆ ಒತ್ತಿ ನೋಡುತ್ತಿದ್ದೆ, ಏಳನೆಯ ದಿನ ನನ್ನ ಹೊಟ್ಟೆಯ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದೆ. ಎರಡೂ ಕೆಲಸಗಳನ್ನು ನಿಷ್ಠೆಯಿಂದ ಮಾಡಿದ್ದೇನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆಗ ನಾನು ಸದಲಗಾ ಹತ್ತಿರದ ಒಂದು ಹಳ್ಳಿಯ ಪಶು ದವಾಖಾನೆಯಲ್ಲಿದ್ದೆ. ಊರಿಗೆ ಮೊಬೈಲ್ ಫೋನು ಹೊಸದಾಗಿ ಬಂದಿತ್ತು. ಕರೆಂಟು ಹಳೆಯದಾದರೂ ಮನಸ್ಸು ಬಂದಾಗ ಮಾತ್ರ ಬರುತ್ತಿತ್ತು.

ಇದಕ್ಕೆಲ್ಲ ಮೂಲ ನನ್ನ ಹೆಂಡತಿಯ ತಮ್ಮ ದಿಲೀಪ. ಕೊಲ್ಹಾಪುರದ ಒಂದು ಫೌಂಡ್ರಿಯಲ್ಲಿ ಅವನಿಗೆ ಕೆಲಸ. ಎಲ್ಲೋ ಬಾರ್ಬೆಕ್ಯೂ ಊಟ ಉಂಡು ಬಂದವನು ಕಬ್ಬಿಣದ ಸರಳುಗಳನ್ನು ಬೆಸೆದು ತಾನೇ ಒಂದು ಒಲೆ ಮಾಡಿಕೊಂಡಿದ್ದ. ಅದರ ಮೊದಲ ಪ್ರಯೋಗಕ್ಕೆ ನಮ್ಮ ಮನೆಯನ್ನು ಆರಿಸಿ ಫೋನ್ ಮಾಡಿದ: “ದಾಜೀ, ಐತವಾರ ನಾ ಬರತೇನಿ. ಎರಡ ತೊಡಿ ಹಂಗ ಇಡೀ ತಂದ ಇಡ್ರಿ, ಕಡಿಸಬ್ಯಾಡ್ರಿ. ಮಸಾಲಿ ಹಚ್ಚಿ ಒಂದ ದಿನ ಪೂರಾ ತಣ್ಣಗ ಇಡಬೇಕು.”

ಶುಕ್ರವಾರ ಸಂಜೆ ಮಟನ್ ಅಂಗಡಿಯ ದಸ್ತಗೀರನ ಮುಂದೆ ನಿಂತು ಇಡೀ ತೊಡೆ ಕೇಳಿದಾಗ ಅವನ ಕೈಯ ಕತ್ತಿ ಅಲ್ಲೇ ನಿಂತಿತು. “ಕಡಿಯೂದು ಬ್ಯಾಡಾ? ನನ್ನ ಕೈಯಾಗ ಏನ ತಪ್ಪ ಆತ್ರಿ ಡಾಕ್ಟರ್ರ?” ಎಂದ. ತಪ್ಪೇನಿಲ್ಲ, ಇಡಿಯಾಗಿ ಸುಡುವುದಿದೆ ಎಂದೆ. “ಇಡೀ ತೊಡಿ ಒಳಗಿನ ತನಕ ಬೇಯೂದಿಲ್ರಿ,” ಎಂದು ನೊಂದುಕೊಂಡೇ ಕಟ್ಟಿಕೊಟ್ಟ.

ಮನೆಯಲ್ಲಿ ನನ್ನ ಹೆಂಡತಿ ಸುಶೀಲಾ ತಮ್ಮನ ಮೇಲಿನ ಪ್ರೀತಿಗೆ ಮೊಸರು, ಬೆಳ್ಳುಳ್ಳಿ, ಖಾರ ಎಲ್ಲ ಕಲಸಿ ತೊಡೆಗಳಿಗೆ ಎಣ್ಣೆಸ್ನಾನದಷ್ಟು ಅಕ್ಕರೆಯಿಂದ ತಿಕ್ಕಿದಳು. ತಿಕ್ಕಿ ಕೈ ತೊಳೆದವಳೇ, “ನಾಳಿ ಶನಿವಾರ, ಮಾರುತಿ ದಿನ. ಸೂರ್ಯ ಹುಟ್ಟೂದ್ರಾಗ ಇದು ನಮ್ಮ ಮನಿ ಬಿಟ್ಟ ಹೋಗಬೇಕು ನೋಡ್ರಿ,” ಎಂದಳು. ಪ್ರೀತಿ ಶುಕ್ರವಾರಕ್ಕೆ ಮುಗಿದಿತ್ತು.

ಊರಿನಲ್ಲಿ ಕರೆಂಟು ಹೋದರೂ ತಣ್ಣಗಿರುತ್ತಿದ್ದ ಫ್ರಿಜ್ ಒಂದೇ, ದವಾಖಾನೆಯ ಲಸಿಕೆ ಫ್ರಿಜ್. ಅದರ ಬಾಗಿಲಿಗೆ ‘ಇದರಲ್ಲಿ ತಿನ್ನುವ ಪದಾರ್ಥ ಇಡಬಾರದು’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದವನು ನಾನೇ. ಹಿಂದೊಮ್ಮೆ ಸಿಪಾಯಿ ಮಜ್ಜಿಗೆ ಇಟ್ಟಿದ್ದಕ್ಕೆ ಅವನಿಗೆ ಅರ್ಧ ಗಂಟೆ ಭಾಷಣ ಬಿಗಿದವನೂ ನಾನೇ. ನಸುಕಿನಲ್ಲೇ ಹೋಗಿ, ತೊಡೆಗಳನ್ನು ನನ್ನ ಹಳೆಯ ಧೋತರದಲ್ಲಿ ಸುತ್ತಿ, ನನ್ನ ಅಕ್ಷರದ ಕಡೆ ನೋಡದೆ ಒಳಗೆ ತುರುಕಿದೆ.

ಹನ್ನೊಂದರ ಹೊತ್ತಿಗೆ ತಂಗೆವ್ವ ತನ್ನ ಆಡು ಗಂಗಿಯನ್ನು ತಂದಳು. ಈ ತಂಗೆವ್ವನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಊರಿಗೆ ಹೊಸದಾಗಿ ಬಂದಾಗ ಸೂಜಿಗೆ ಹೆದರಿ ಯಾರೂ ಕುರಿ, ಆಡು ತರುತ್ತಿರಲಿಲ್ಲ. ಆಗ ತನ್ನ ಎರಡೂ ಆಡುಗಳನ್ನು ಎಳೆತಂದು “ಚುಚ್ರಿ, ನೋಡೂಣು” ಎಂದವಳು ಇವಳು. ಇವಳು ನಂಬಿದ ಮೇಲೆ ಊರು ನನ್ನನ್ನು ನಂಬಿತು. ಅಂಥವಳ ಗಂಗಿ ನಸುಕಿನಿಂದ ಈಯಲಾರದೆ ಒದ್ದಾಡುತ್ತಿತ್ತು. ಪರೀಕ್ಷಿಸಿದೆ. ಮರಿ ಸರಿಯಾಗಿಯೇ ಇತ್ತು, ತಾಯಿಗೆ ಶಕ್ತಿ ಸಾಲದು. ಬೇನೆ ಏರಿಸುವ ಮದ್ದು ಫ್ರಿಜ್ಜಿನಲ್ಲಿತ್ತು. ಅವಸರದಲ್ಲಿ ಬಾಗಿಲು ತೆಗೆದೆ. ಧೋತರ ಬಿಚ್ಚಿಕೊಂಡು ಒಂದು ತೊಡೆ ಜಾರಿ, ತಂಗೆವ್ವನ ಪಾದದ ಹತ್ತಿರ ಧೊಪ್ಪೆಂದು ಬಿತ್ತು.

ಅವಳು ತೊಡೆಯನ್ನು ನೋಡಿದಳು, ಗಂಗಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಇದು ಯಾರ ಆಡ್ರಿ ಡಾಕ್ಟರ್ರ?”

“ಅಂಗಡೀದ ತಂಗೆವ್ವಾ. ದಸ್ತಗೀರನ ಅಂಗಡೀದು.”

“ಅಂಗಡಿಗಿ ಹ್ವಾದ ಆಡು ಮತ್ತ ದವಾಖಾನಿಗಿ ಯಾಕ ಬಂತ್ರಿ? ಅದಕ್ಕೂ ಸೂಜಿ ಮಾಡವ್ರೇನ್ರಿ?” ಎಂದವಳೇ ಹಗ್ಗ ಹಿಡಿದು ಗಂಗಿಯನ್ನು ಎಬ್ಬಿಸತೊಡಗಿದಳು.

ಆ ಸ್ಥಿತಿಯಲ್ಲಿ ಆಡು ಮನೆಗೆ ನಡೆದರೆ ತಾಯಿಯೂ ಉಳಿಯದು, ಮರಿಯೂ ಉಳಿಯದು. ಬಾಗಿಲಿಗೆ ಅಡ್ಡ ನಿಂತು ಕೈಮುಗಿದೆ. “ತಿಂತೇನಿ ತಂಗೆವ್ವಾ, ಸುಳ್ಳ ಹೇಳೂದಿಲ್ಲ. ಆದ್ರ ಈ ಕಟ್ಟಿ ಹತ್ತಿ ಬಂದ ಜೀವಕ್ಕ ಎಂದಾರ ಎರಡ ಬಗದೇನೇನು? ನೀನ ಹೇಳು.”

ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡಳು. “ಹಗ್ಗ ನನ್ನ ಕೈಯಾಗ ಇರತೈತಿ. ಆ ಫ್ರಿಜ್ಜಿಗಿ ಕೀಲಿ ಹಾಕಿ ಕೀಲಿ ನನ್ನ ಕಡೆ ಕೊಡ್ರಿ,” ಎಂದಳು. ಮದ್ದು ತೆಗೆದುಕೊಂಡು, ಬಿದ್ದ ತೊಡೆಯನ್ನು ತೊಳೆದು ಒಳಗಿಟ್ಟು ಕೀಲಿ ಒಪ್ಪಿಸಿದೆ. ಅರ್ಧ ಗಂಟೆಯಲ್ಲಿ ಗಂಗಿ ಎರಡು ಮರಿ ಹಾಕಿತು. ಮೊದಲನೆಯದು ಹೋತಮರಿ, ಹುಟ್ಟಿದ ಕೂಡಲೇ ಸೀನಿತು. ಎಷ್ಟು ಈಯಿಸಿದ್ದರೂ ನನಗೆ ಆ ಗಳಿಗೆಯಲ್ಲಿ ಕಣ್ಣು ಒದ್ದೆಯಾಗುವುದು ತಪ್ಪಿಲ್ಲ. ಆ ಸಂತೋಷದಲ್ಲಿ ಅವಳು ಕೀಲಿ ಕೊಡುವುದನ್ನು ಮರೆತಳು, ನಾನು ಕೇಳುವುದನ್ನು ಮರೆತೆ.

ಭಾನುವಾರ ದಿಲೀಪ ಒಲೆ ಹೊತ್ತು ತಂದು ಕೆಂಡ ಮಾಡಿದ. ಕೆಂಡ ಸಿದ್ಧ, ತೊಡೆಗೆ ಕೀಲಿ. ನನ್ನ ಮಟನ್ ನನಗೆ ಕೊಡಿಸು ಎಂದು ಕೇಳಲು ತಂಗೆವ್ವನ ಮನೆಗೆ ಹೋದೆ. ಅವಳು ಮೊದಲು ಗಂಗಿಯನ್ನು ತೋರಿಸಿದಳು, ಆಮೇಲೆ ಒಂದು ಬಟ್ಟಲು ಗಿಣ್ಣ ತಿನ್ನಿಸಿದಳು, ಕೊನೆಗೆ ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟಳು. ಕೊಡುವಾಗ ಹೇಳಿದಳು: “ಹೋತಮರಿಗಿ ‘ಡಾಕ್ಟರ’ ಅಂತ ಹೆಸರ ಇಟ್ಟೇನ್ರಿ. ಇನ್ನ ಅದನ್ನ ಯಾರೂ ತಿನ್ನಾಕ ಬರೂದಿಲ್ಲ. ನೀವಂತೂ ತಿನ್ನಾಕ ಬರೂದ ಇಲ್ಲ.”

ಬಾರ್ಬೆಕ್ಯೂ ಕಥೆ ಚಿಕ್ಕದು. ತೊಡೆ ಹೊರಗೆ ಇದ್ದಲಿಯಾಯಿತು, ಒಳಗೆ ಹಸಿಯಾಗಿಯೇ ಉಳಿಯಿತು. ದಿಲೀಪ ಅದನ್ನು ದಸ್ತಗೀರನ ಬಳಿ ಒಯ್ದು ಕಡಿಸಿಕೊಂಡು ಬಂದ. ಸುಶೀಲಾ ಪಾತೇಲಿಯಲ್ಲಿ ರಸ್ಸಾ ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡೆ, ಮುಚ್ಚಿಡುವುದೇನಿದೆ!

ಆದರೆ ನಾನು ವರ್ಗವಾಗಿ ಹೋಗುವ ತನಕ ಪ್ರತಿ ವರ್ಷ ಲಸಿಕೆಯ ದಿನ ತಂಗೆವ್ವ ಆ ಹೋತವನ್ನು ತರುತ್ತಿದ್ದಳು. ಗಡ್ಡ ಬಿಟ್ಟು, ಹೊಟ್ಟೆ ಬೆಳೆಸಿ, ಅದು ನೋಡಲೂ ನನ್ನ ಹಾಗೆಯೇ ಆಗಿತ್ತು. ಸಾಲಿನಲ್ಲಿ ನಿಂತವರೆಲ್ಲ ಕೇಳುವಂತೆ, “ಮೊದಲ ನಮ್ಮ ಡಾಕ್ಟರಗ ಸೂಜಿ ಮಾಡ್ರಿ,” ಎನ್ನುತ್ತಿದ್ದಳು. ನಾನು ಮದ್ದು ತರಲು ಫ್ರಿಜ್ಜಿನ ಬಾಗಿಲು ತೆಗೆದರೆ, ಇಬ್ಬರೂ ಕತ್ತು ಚಾಚಿ ಒಳಗೆ ಇಣುಕುತ್ತಿದ್ದರು. ಲಸಿಕೆ ಬಿಟ್ಟು ಬೇರೇನೂ ಇಲ್ಲ ಎಂದು ಕಾಣುವಂತೆ ನಾನು ಬಾಗಿಲನ್ನು ಪೂರ್ತಿ ತೆರೆದು, ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆ.