ಉಡಚವ್ವನ ಸಂಚಿಯೊಳಗಿನ ಮೊಬೈಲಿಗೆ

ಬ್ಯಾಡಗಿ, ಮಾರ್ಚ್ 2005

ಮಾನ್ಯರೇ,

ಎಲೆಯಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಮಗ್ಗುಲಿಗೆ ವಾಸವಾಗಿರುವ ತಮಗೆ, ಅಂಗಳದ ಮೇಲಿನ ಬಾಡಿಗೆ ಮನೆಯ ವಿರೂಪಾಕ್ಷ ಮಾಸ್ತರನ ನಮಸ್ಕಾರಗಳು. ಒಂದು ಎಸ್ಸೆಮ್ಮೆಸ್ಸಿನ ನೂರಾ ಅರವತ್ತು ಅಕ್ಷರ ಮೀರಿದ ದುಃಖವನ್ನು ತಮ್ಮ ಪರದೆ ಒಂದೇ ಸಲಕ್ಕೆ ಸ್ವೀಕರಿಸುವುದಿಲ್ಲವೆಂದು ತಿಳಿದು, ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಕಿಟಕಿಯ ಕೆಳಗಿನ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಅವರ ನಡುವೆ ಕೂತ ಉಡಚವ್ವ ತೊಟ್ಟು ಬಿಡಿಸುತ್ತಲೇ ಕತೆ ಹೇಳುತ್ತಾಳೆ. ಉತ್ತರಪತ್ರಿಕೆ ತಿದ್ದುವ ನೆಪದಲ್ಲಿ ಆರು ವರ್ಷಗಳಿಂದ ಅವನ್ನು ಕದ್ದು ಕೇಳುತ್ತ ಬಂದಿದ್ದೇನೆ. ತಾವು ಆಗಮಿಸಿದ ದಿನ, ಆಕೆಯ ಕತೆಯಲ್ಲಿ, ಗುತ್ತಲದ ಹತ್ತಿರ ಹೊಳೆಯ ದಂಡೆಯಲ್ಲಿ, ಒಬ್ಬ ಮದುಮಗಳು ಹರಿಗೋಲಿನೊಳಗೆ ಒಂದು ಕಾಲಿಟ್ಟು ‘ನಾ ಬರೂದಿಲ್ಲ’ ಅಂದಿದ್ದಳು. ಅಷ್ಟರಲ್ಲಿ ತಾವು ಹಾಡಿದಿರಿ. ಇಂದಿಗೆ ಇಪ್ಪತ್ತೊಂದು ದಿನವಾಯಿತು, ಆಕೆ ಇನ್ನೂ ಹಾಗೆಯೇ ನಿಂತಿದ್ದಾಳೆ.

ಅಂದು ಖಾರದ ಕೈಯಲ್ಲೇ ತಮ್ಮನ್ನು ಕಿವಿಗಿಟ್ಟುಕೊಂಡ ಉಡಚವ್ವ, ಕಿವಿ ಉರಿಯಿತೆಂದು ಕಣ್ಣನ್ನೂ ಒರೆಸಿಕೊಂಡು, ಒಂದು ಕೊಡ ನೀರು ಖಾಲಿ ಮಾಡಿದಳು. ಪಕ್ಕದಲ್ಲಿ ಕೂತಿದ್ದ ಜೈತೂನಬಿ ತಲೆಯೆತ್ತಿ, ‘ಮಾಸ್ತರ್ರ, ಖಾರ ಇಲ್ಲದ ಕೈ ಈ ಓಣ್ಯಾಗ ನಿಮ್ದೊಂದ ಐತಿ, ಲಗೂ ಇಳದ ಬರ್ರಿ’ ಎಂದಳು. ಅಂದಿನಿಂದ ಹಸಿರು ಗುಂಡಿ ಒತ್ತಿ ತಮ್ಮನ್ನು ಉಡಚವ್ವನ ಕಿವಿಗೆ ಹಿಡಿದು, ಸಭ್ಯತೆಗಾಗಿ ಆಕಾಶ ನೋಡುವುದು ನನ್ನ ಕೆಲಸವಾಗಿದೆ. ಕುಮಾರಪಟ್ಟಣದಿಂದ ಮಗಳು ದ್ರಾಕ್ಷಾಯಿಣಿ ‘ಏನ ಮಾಡಾಕತ್ತೀಯಬೇ?’ ಎನ್ನುತ್ತಾಳೆ. ‘ತೊಟ್ಟ ಬಿಡಿಸಾಕತ್ತೇನಿ. ನೀ?’ ‘ಸುಮ್ಮನ ಕುಂತೇನಿ.’ ದಿನಕ್ಕೆ ಐದು ಸಲ, ಏನೂ ನಡೆದಿಲ್ಲವೆಂಬ ಸುದ್ದಿಯನ್ನು ಇಷ್ಟು ನಿಷ್ಠೆಯಿಂದ ತಲುಪಿಸುವ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ತಾವು ಸುಮ್ಮನಿದ್ದಾಗಲೂ ಉಡಚವ್ವನ ಒಂದು ಕಣ್ಣು ಸಂಚಿಯ ಮೇಲೆಯೇ ಇರುತ್ತದೆ. ಉಳಿದ ಒಂದು ಕಣ್ಣಿನಲ್ಲಿ ಮದುಮಗಳನ್ನು ಹೊಳೆ ದಾಟಿಸುವುದು ಆಕೆಗೂ ಕಷ್ಟ.

ಆದ್ದರಿಂದ ತಾವು ದಯಮಾಡಿ ಒಂದು ಮೂಗನ್ನು ಬೆಳೆಸಿಕೊಳ್ಳಬೇಕು, ಮೆಣಸಿನ ಘಾಟು ಬಂದಾಗ ಹಾಡುವ ಬದಲು ಸೀನಬೇಕು, ಮತ್ತು ಕರೆ ಬಂದಾಗಲೆಲ್ಲ ಕತೆ ಎಲ್ಲಿಗೆ ಬಂದಿದೆಯೆಂದು ವಿಚಾರಿಸಿಯೇ ಬಾಯಿ ತೆರೆಯಬೇಕು ಎಂದು ಕೋರುತ್ತೇನೆ.

ಇಷ್ಟು ಬರೆದಿಟ್ಟಿದ್ದೆ; ನಿನ್ನೆ ಕರೆ ಮಾಡಿದ ದ್ರಾಕ್ಷಾಯಿಣಿಯೇ, ‘ಆ ಹರಿಗೋಲಿನಾಕಿ ಏನ ಮಾಡಿದ್ಲಬೇ? ಪೂರಾ ಹೇಳ’ ಎಂದಳು. ಉಡಚವ್ವ ಕತೆ ಮುಂದುವರಿಸಿದಳು. ಮೂರನೆಯ ಮಾತಿಗೆ ತಾವು ಒಮ್ಮೆ ನಡುಗಿ, ಚಾರ್ಜು ತೀರಿ ತಣ್ಣಗಾದಿರಿ. ಅದು ನನ್ನ ಅಂಗೈಗೆ ಮಾತ್ರ ಗೊತ್ತಾಯಿತು. ನಾನು ಹೇಳಲಿಲ್ಲ. ತೋಳು ಜೋಮು ಹಿಡಿಯುವವರೆಗೂ ಹಿಡಿದೇ ನಿಂತೆ. ಮದುಮಗಳು ಅಂಬಿಗನ ಕೈಯಿಂದ ಹುಟ್ಟು ಕಸಿದುಕೊಂಡು, ಮದುಮಗನೊಬ್ಬನನ್ನೇ ಹತ್ತಿಸಿಕೊಂಡು, ಬೀಗರನ್ನೂ ಬಾಜಾದವರನ್ನೂ ದಂಡೆಯಲ್ಲೇ ಬಿಟ್ಟು ಹೊಳೆ ದಾಟಿದಳು. ಅಂಗಳವೆಲ್ಲ ನಕ್ಕಿತು. ‘ಕೇಳಿದೇನ ಯವ್ವಾ?’ ಎಂದು ಉಡಚವ್ವ ತಮ್ಮನ್ನು ಕೇಳಿದಳು. ತಮ್ಮನ್ನು ಒಮ್ಮೆ ನನ್ನ ಕಿವಿಗಿಟ್ಟುಕೊಂಡು, ‘ಕೇಳ್ಯಾಳಂತ’ ಎಂದೆ ನಾನು.

ತಮ್ಮ ನಿಶ್ಶಬ್ದಕ್ಕೆ ಚಿರಋಣಿಯಾದ, ತಮ್ಮ ವಿಶ್ವಾಸಿ,
ವಿರೂಪಾಕ್ಷ

ತಾ.ಕ.: ನಮ್ಮ ಮನೆಯಲ್ಲಿ ತಮ್ಮನ್ನು ಚಾರ್ಜಿಗೆ ಹಾಕಿದ್ದಾಗ ಬೆಳಿಗ್ಗೆ ದ್ರಾಕ್ಷಾಯಿಣಿಯ ಕರೆ ಬಂತು. ಕತೆಯ ಕೊನೆಯನ್ನು ನಾನೇ ಹೇಳಿದೆ. ‘ನೀವು ಹೇಳಿದ್ರ ಪಾಠ ಕೇಳಿಧಂಗ ಆಗತೈತ್ರಿ, ಅವ್ವನ ಕಡಿಂದನ ಕೇಳ್ತೇನಿ’ ಎಂದಳು. ಇಂದು ಉಡಚವ್ವ ಮೊದಲಿನಿಂದ ಹೇಳುವವಳಿದ್ದಾಳೆ. ಮೂರನೆಯ ಮಾತಿಗೆ ದಯವಿಟ್ಟು ಮತ್ತೆ ಪ್ರಾಣ ಬಿಡಿ. ನನಗೆ ನಾಳೆಯೂ ಕೇಳುವುದಿದೆ.