ದೇವರ ಕೋಣೆಯಲ್ಲಿ ನೆಲೆಸಿರುವ ರೂಟರ್ ಅವರ ಸನ್ನಿಧಾನಕ್ಕೆ

ದಾವಣಗೆರೆಯ ಶಾಮನೂರು ಕಡೆಯ ಹೊಸ ಬಡಾವಣೆಯ ನಮ್ಮ ಮನೆಯಲ್ಲಿ, ದೇವರ ಕೋಣೆಯ ಎಡಗಡೆಯ ಗೂಡಿನಲ್ಲಿ, ಹಳೆಯ ದಿನಪತ್ರಿಕೆಯ ಹಾಸಿನ ಮೇಲೆ, ಎರಡು ಕೊಂಬುಗಳನ್ನೆತ್ತಿ ಹಸಿರು ಕಣ್ಣು ಮಿಟುಕಿಸುತ್ತ ಕುಳಿತಿರುವ ಶ್ರೀ ರೂಟರ್ ಅವರಿಗೆ, ಅದೇ ಮನೆಯ ಸೊಸೆ ಮೀನಾಕ್ಷಿ ಬಾಗಿಲ ಹೊರಗೆ ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ ಎಂಬುದನ್ನು ನಾನು ಬಲ್ಲೆ, ಏಕೆಂದರೆ ಕೇಬಲ್ಲಿನ ತಿಪ್ಪೇಶ್ ಅವರು ಖುದ್ದಾಗಿ ಬಂದು ತಮ್ಮ ಆರೋಗ್ಯ ವಿಚಾರಿಸಿ, ತಮಗೆ ಏನೂ ಆಗಿಲ್ಲವೆಂದು ಹೇಳಿ ಹೋಗಿದ್ದಾರೆ. ಏನಾದರೂ ಆಗಿದ್ದರೆ ಅದು ನನಗೆ. ಇಪ್ಪತ್ತೈದು ವರ್ಷಗಳಿಂದ ಅನುವಾದಿತ ಕಾದಂಬರಿಗಳನ್ನೇ ಹೆಚ್ಚಾಗಿ ಓದುತ್ತ ಬಂದಿರುವ ನಾನು, ತಪ್ಪು ಕಂಡ ಕಡೆ ಪುಟದ ಅಂಚಿನಲ್ಲಿ ಪೆನ್ಸಿಲಿನ ಒಂದು ಸಣ್ಣ ಗೆರೆ ಎಳೆಯುವುದಕ್ಕಿಂತ ದೊಡ್ಡ ಗಲಾಟೆಯನ್ನು ಯಾರೊಂದಿಗೂ ಮಾಡಿದವಳಲ್ಲ. ಆದರೆ ತಮಗೆ ಅಂಚೇ ಇಲ್ಲದಿರುವುದರಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ.

ತಮ್ಮನ್ನು ದೇವರ ಕೋಣೆಯಲ್ಲಿ ಪ್ರತಿಷ್ಠಾಪಿಸಿದ್ದು ನಾನಲ್ಲ. ವಯರು ಆ ಕಿಟಕಿಯಿಂದಲೇ ಒಳಗೆ ಬಂತು, ಖಾಲಿ ಪ್ಲಗ್ಗೂ ಅಲ್ಲೇ ಇತ್ತು, ಹಾಲಿನ ಹೊಸ ಬಣ್ಣದ ಗೋಡೆಗೆ ತೂತು ಹೊಡೆಯಲು ನಮ್ಮ ಅತ್ತೆ ಹೊನ್ನಕ್ಕನವರು ಒಪ್ಪಲಿಲ್ಲ. ಒಳಗೆ ಬಂದವರನ್ನು ಬರಿ ಹಣೆಯಲ್ಲಿ ಕೂರಿಸುವ ಪದ್ಧತಿ ಅವರದಲ್ಲವಾದ್ದರಿಂದ ಅಂದಿನಿಂದ ತಮಗೂ ದಿನಾ ವಿಭೂತಿ, ಶುಕ್ರವಾರ ಎಡಗೊಂಬಿಗೆ ಒಂದು ಮೊಳ ಕಾಕಡ ಮಲ್ಲಿಗೆ ಸಲ್ಲುತ್ತಿದೆ. ಪಕ್ಕದಲ್ಲೇ ಕುಳಿತಿರುವ ಉಚ್ಚಂಗೆಮ್ಮನಿಗೆ ಹೂವು ಬಲಗಡೆ ಬಿದ್ದರೆ ವರ ಎಂದು ನಂಬುತ್ತಾರೆ. ತಮ್ಮ ಹೂವು ಯಾವ ಕಡೆ ಬಿದ್ದರೂ ಏನೂ ಬರುವುದಿಲ್ಲ ಎಂಬುದು ನನ್ನ ಅನುಭವ.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಸಂಸ್ಥೆಯವರು ಆರು ತಿಂಗಳ ಅನುವಾದ ತರಬೇತಿಗೆ ಹನ್ನೆರಡು ಜನರನ್ನು ಆರಿಸುವುದಾಗಿ ಪ್ರಕಟಿಸಿದ್ದರು. ಪರೀಕ್ಷೆ ಮನೆಯಿಂದಲೇ, ಮೊದಲೇ ನೋಂದಾಯಿಸಿದ ಲ್ಯಾಪ್‌ಟಾಪಿನಲ್ಲೇ ಆಗಬೇಕು, ಮೊಬೈಲು ನಡೆಯುವುದಿಲ್ಲ, ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಹಾಗೂ ಅಭ್ಯರ್ಥಿಗೆ ನಲವತ್ತೈದು ತುಂಬಿರಬಾರದು. ನನಗೆ ಅದು ಪರೀಕ್ಷೆಯಾದ ನಲವತ್ತೊಂದನೆಯ ದಿನಕ್ಕೆ ತುಂಬುತ್ತದೆ. ಅಂದರೆ, ಇನ್ನೊಬ್ಬರ ಅನುವಾದಕ್ಕೆ ಗೆರೆ ಎಳೆಯುವುದನ್ನು ಬಿಟ್ಟು ನಾನೇ ಒಂದು ಅನುವಾದ ಮಾಡಿ ಬೇರೆಯವರಿಂದ ಗೆರೆ ಎಳೆಸಿಕೊಳ್ಳುವ ಅವಕಾಶ ನನ್ನ ಪಾಲಿಗೆ ಇದೊಂದೇ ಇತ್ತು.

ಪರೀಕ್ಷೆಗೆ ಹತ್ತು ದಿನ ಮುಂಚೆ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಮಾವಾಸ್ಯೆಗೆ ಅಂಗಡಿ, ಗಾಡಿ, ಯಂತ್ರಗಳಿಗೆ ಪೂಜೆ ಆಗುವುದು ತಮಗೂ ಗೊತ್ತಿರುವ ವಿಷಯ. ಅತ್ತೆಯವರು ಎಂದಿನಂತೆ ಬೈಕು, ಮಿಕ್ಸಿ, ಹೊಲಿಗೆ ಯಂತ್ರ ಹಾಗೂ ಹತ್ತು ವರ್ಷ ಹಳೆಯದಾದ ನನ್ನ ಲ್ಯಾಪ್‌ಟಾಪನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ವಿಭೂತಿ ಹಚ್ಚಿ, ನಿಂಬೆಹಣ್ಣು ಇಳಿ ತೆಗೆದರು. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪು ತೆರೆದರೆ, ಸುತ್ತ ಎಲ್ಲಿಯೂ ಯಾವ ಸಂಪರ್ಕವೂ ಲಭ್ಯವಿಲ್ಲ ಎಂದು ಬರೆದುಕೊಂಡಿತ್ತು. ಅದೇ ಹೊತ್ತಿಗೆ ತಾವು ಅತ್ತೆಯವರ ಮೊಬೈಲಿಗೆ ಭಜನೆಯನ್ನೂ, ನಮ್ಮ ಯಜಮಾನರಾದ ನಿಂಗರಾಜ್ ಅವರ ಮೊಬೈಲಿಗೆ ಕ್ರಿಕೆಟ್ಟನ್ನೂ ಧಾರಾಳವಾಗಿ ಅನುಗ್ರಹಿಸುತ್ತಿದ್ದಿರಿ. ಒಂದೇ ಮನೆಯಲ್ಲಿ ಇಷ್ಟು ನಿಖರವಾಗಿ ಪಂಕ್ತಿಭೇದ ಮಾಡುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

ಗ್ರಾಹಕ ಸೇವೆಯವರಿಗೆ ಫೋನು ಮಾಡಿದೆ. ತಮ್ಮನ್ನು ಆಫ್ ಮಾಡಿ, ಮೂವತ್ತು ಎಣಿಸಿ, ಆನ್ ಮಾಡಬೇಕೆಂದು ಅಲ್ಲಿಯ ಹುಡುಗಿ ಹೇಳಿದಳು. ತಮ್ಮ ಪ್ಲಗ್ಗಿನಲ್ಲೇ ದೇವರ ಮುಂದಿನ ಕರೆಂಟು ದೀಪವೂ ಇರುವುದು ಆಕೆಗೆ ಹೇಗೆ ಗೊತ್ತಾಗಬೇಕು? ‘ದೀಪ ಆರ್ಸದು ಅಂತ ಬಾಯಾಗೆ ಅನ್ಬ್ಯಾಡ’ ಎಂದು ಅತ್ತೆಯವರು ಮೊದಲು ಎಣ್ಣೆದೀಪ ಹಚ್ಚಿ, ಕರೆಂಟು ದೀಪಕ್ಕೆ ಕೈಮುಗಿದು, ಆಮೇಲೆ ‘ಹೂಂ, ಈಗ ದೊಡ್ಡದು ಮಾಡು’ ಎಂದರು. ಅಷ್ಟರಲ್ಲಿ ಹುಡುಗಿ ಫೋನಿಟ್ಟಿದ್ದಳು. ನಾನು ಮೂವತ್ತರವರೆಗೆ ಎಣಿಸಿದೆ, ಅನುಮಾನ ಬಂದು ಇನ್ನೊಮ್ಮೆ ಎಣಿಸಿದೆ. ತಾವು ಮತ್ತೆ ಕಣ್ಣು ತೆರೆದಿರಿ, ನನ್ನನ್ನು ಬಿಟ್ಟು ಉಳಿದವರನ್ನೆಲ್ಲ ನೋಡಿದಿರಿ.

ಲ್ಯಾಪ್‌ಟಾಪಿನಲ್ಲಿ ತೊಂದರೆಯನ್ನು ಅದೇ ಹುಡುಕಿಕೊಳ್ಳುವ ಒಂದು ಏರ್ಪಾಡು ಇದೆ. ಅದು ಏಳು ನಿಮಿಷ ಹುಡುಕಿ, ಏನೂ ತೊಂದರೆ ಕಂಡುಬರಲಿಲ್ಲವೆಂದು ತಿಳಿಸಿ, ಈ ಉತ್ತರದಿಂದ ನಿಮಗೆ ಸಹಾಯವಾಯಿತೇ ಎಂದು ಕೇಳಿತು. ಆಗಲಿಲ್ಲ ಎಂದೆ. ಅದು ಧನ್ಯವಾದ ಹೇಳಿತು.

ಮೂರನೆಯ ದಿನ ಬಂದ ತಿಪ್ಪೇಶ್ ಅವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಮ್ಮೆದುರು ಮಂಡಿಯೂರಿ ತಮ್ಮ ಬಲಗೊಂಬನ್ನು ಸ್ವಲ್ಪ ಪೂರ್ವಕ್ಕೆ ತಿರುಗಿಸಿದರು. ‘ನೆಟ್ ಐತ್ರಿ ಅಕ್ಕಾರೆ. ನೋಡ್ರಿ, ನನ್ ಮೊಬೈಲಿಗೆ ಹೆಂಗ್ ಬರ್ತೈತೆ’ ಎಂದು ತೋರಿಸಿದರು. ನನಗೆ ಬರುತ್ತಿಲ್ಲವಲ್ಲ ಎಂದೆ. ‘ನಿಮಗ್ಯಾಕ ಬರ್ತಿಲ್ಲೋ ಅದು ನಮಗ್ ಬರಲ್ರಿ’ ಎಂದು, ಅತ್ತೆಯವರು ಕೊಟ್ಟ ಖಾರ ಮಂಡಕ್ಕಿಯನ್ನು ತಿಂದು, ತಾವು ಬಂದ ಡಬ್ಬಿಯ ತಳದಲ್ಲಿ ಬಿಚ್ಚದೆ ಬಿದ್ದಿದ್ದ ಒಂದು ಗಿಡ್ಡ ಹಳದಿ ವಯರನ್ನು ನನ್ನ ಕೈಗಿತ್ತರು. ‘ಏನೂ ಆಗ್ಲಿಲ್ಲಾಂದ್ರ ಇದ್ನ ನೇರ ಚುಚ್ರಿ’ ಎಂಬುದು ಅವರು ಬಾಗಿಲಲ್ಲಿ ಹೇಳಿದ ಮಾತು. ವಯರಿನ ಉದ್ದ ಎರಡೂವರೆ ಅಡಿ. ತಮ್ಮಿಂದ ಎರಡೂವರೆ ಅಡಿಯೊಳಗೆ ಸೊಸೆಯೊಬ್ಬಳು ಲ್ಯಾಪ್‌ಟಾಪು ಹಿಡಿದು ಕೂರುವುದನ್ನು ಅತ್ತೆಯವರ ಎದುರು ಪ್ರಸ್ತಾಪಿಸುವ ಧೈರ್ಯ ಅಂದು ನನಗೆ ಬರಲಿಲ್ಲ.

ಗುರುವಾರ ಲ್ಯಾಪ್‌ಟಾಪನ್ನು ಟವಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಹದಿನೈದು ವರ್ಷಗಳಿಂದ ನನ್ನೊಂದಿಗೆ ಪುಸ್ತಕ ಬದಲಾಯಿಸಿಕೊಂಡು ಓದುತ್ತ ಬಂದಿರುವ ಗೆಳತಿ ಆಮ್ನಾ ಅಲ್ಲಿದ್ದಾಳೆ. ಅವಳ ಮನೆಯ ರೂಟರು ಶೋಕೇಸಿನಲ್ಲಿ, ಯಾವ ಅಲಂಕಾರವೂ ಇಲ್ಲದೆ, ಕೆಲಸ ಮಾಡಿಕೊಂಡಿದೆ. ಅಲ್ಲಿಯೂ ಲ್ಯಾಪ್‌ಟಾಪಿಗೆ ಏನೂ ಕಾಣಲಿಲ್ಲ. ‘ಇದು ನಿಮ್ಮನೆ ರೂಟರ್ ತಪ್ಪಲ್ಲ ಕಣ್ರಿ ಮೀನಾಕ್ಷಿ, ಈ ಡಬ್ಬಾದ್ದೇ ಏನೋ ಐತೆ’ ಎಂದು ಆಮ್ನಾ ಹೇಳಿದಳು. ನಾನು ಒಪ್ಪಲಿಲ್ಲ. ಮಾನ್ಯರೇ, ತಮ್ಮ ಆಣತಿ ಹದಿನಾಲ್ಕು ಕಿಲೋಮೀಟರು ದೂರದ ತುಂಗಭದ್ರೆಯ ದಡದವರೆಗೂ ನಡೆಯುತ್ತದೆ, ಇನ್ನೊಂದು ಕಂಪನಿಯ ರೂಟರೂ ತಮಗೆ ಹೆದರಿ ಬಾಯಿ ಮುಚ್ಚುತ್ತದೆ ಎಂದು ಅರ್ಥಮಾಡಿಕೊಂಡು, ಹಿಂದಿರುಗುವ ಬಸ್ಸಿನಲ್ಲಿ ತಮ್ಮ ಬಗ್ಗೆ ನಿಜವಾದ ಗೌರವವನ್ನು ಮೊದಲ ಬಾರಿಗೆ ಅನುಭವಿಸಿದೆ.

ಹೀಗಾಗಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ತಲೆಗೆ ಸ್ನಾನ ಮಾಡಿ, ಅತ್ತೆಯವರ ಅಪ್ಪಣೆ ಪಡೆದು, ತಮ್ಮ ಪಾದದ ಬಳಿ ಮಣೆ ಹಾಕಿಕೊಂಡು, ಇನ್ನೊಂದು ಮಣೆಯ ಮೇಲೆ ಲ್ಯಾಪ್‌ಟಾಪನ್ನಿಟ್ಟು, ಹಳದಿ ವಯರನ್ನು ಚುಚ್ಚಿದೆ. ಸಂಪರ್ಕ ಬಂತು. ಹನ್ನೊಂದಕ್ಕೆ ಪರೀಕ್ಷೆ ತೆರೆಯಿತು. ಹನ್ನೊಂದೂ ಕಾಲರೊಳಗೆ ಒಳಹೋಗದಿದ್ದರೆ ಮುಗಿಯಿತು. ಕೋಣೆಯನ್ನು ಸುತ್ತಲೂ ತೋರಿಸಬೇಕೆಂದು ಯಂತ್ರ ಕೇಳಿದ್ದಕ್ಕೆ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿದೆ. ಕೋಣೆಯಲ್ಲಿ ಅಭ್ಯರ್ಥಿಯ ಹೊರತಾಗಿ ನಾಲ್ವರು ಇದ್ದಾರೆ, ಅವರನ್ನು ಕೂಡಲೇ ಹೊರಗೆ ಕಳುಹಿಸಿ ಎಂದು ಕೆಂಪಕ್ಷರದಲ್ಲಿ ಬಂತು.

ನಾಲ್ವರು ಯಾರೆಂದು ನಾನು ಎಣಿಸಿ ನೋಡಿದೆ. ದುಗ್ಗಮ್ಮ, ಉಚ್ಚಂಗೆಮ್ಮ, ಹರಿಹರೇಶ್ವರ, ಹಾಗೂ ಬಾಗಿಲಾಚೆಯ ಗೋಡೆಯಲ್ಲಿ ಹಾರ ಹಾಕಿಸಿಕೊಂಡಿರುವ ನಮ್ಮ ಮಾವನವರು. ಗಣಪತಿಯನ್ನು ಅದು ಲೆಕ್ಕಕ್ಕೆ ಹಿಡಿಯಲಿಲ್ಲ. ಹರಿಹರೇಶ್ವರನನ್ನು ಒಬ್ಬನೆಂದು ಎಣಿಸಬೇಕೇ ಇಬ್ಬರೆಂದೇ ಎಂಬ ಗೊಂದಲ ಅದಕ್ಕೆ ಆದಂತೆ ಕಾಣಲಿಲ್ಲ. ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ ಮಾವನವರು ಇದ್ದಾರೆಂದು ಯಾವ ದಾಖಲೆಯನ್ನೂ ಕೇಳದೆ ಒಪ್ಪಿಕೊಂಡ ಮೊದಲ ಕಚೇರಿ ಇದು. ಬಾಗಿಲು ಹಾಕಿ ಮಾವನವರನ್ನು ಹೊರಗಿಟ್ಟೆ. ಉಳಿದ ಮೂವರಿಗಾಗಿ ಎರಡನೆಯ ಎಚ್ಚರಿಕೆ ಬಂತು. ಮೂರನೆಯದಕ್ಕೆ ಅನರ್ಹತೆ. ಗಂಟೆ ಹನ್ನೊಂದೂ ಒಂಬತ್ತು.

ಅತ್ತೆಯವರು ಬಾಗಿಲು ಸರಿಸಿ ‘ಏನಂತೆ ಅದು?’ ಎಂದರು. ಇಲ್ಲಿ ದೇವರು ಇರಬಾರದಂತೆ, ಅತ್ತೆ, ಎಂದೆ. ಅವರು ನನ್ನನ್ನು ನೋಡಿದರು, ದೇವರನ್ನು ನೋಡಿದರು, ತಮ್ಮನ್ನೂ ಒಮ್ಮೆ ನೋಡಿದರು. ಇನ್ನು ಬೈಗುಳ ಬರುತ್ತದೆಂದು ನಾನು ತಲೆ ತಗ್ಗಿಸಿದೆ. ಅವರು ಒಳಗೆ ಹೋಗಿ ಗ್ರಹಣದ ದಿನ ದೇವರಿಗೆ ಮುಚ್ಚುವ ಬಿಳಿಯ ಮಡಿಬಟ್ಟೆಯನ್ನು ತಂದು, ಈ ತುದಿಯಿಂದ ಆ ತುದಿಯವರೆಗೆ ಹೊದೆಸಿ, ‘ಒಂದ್ ತಾಸು ಸುಮ್ನಿರ್ರವ್ವ, ನಮ್ ಸೊಸಿದು ಪರೀಕ್ಷೆ ಐತೆ’ ಎಂದು ಅಮ್ಮಂದಿರಿಗೆ ಹೇಳಿ, ಹೊರಗಿನಿಂದ ಚಿಲಕ ಹಾಕಿಕೊಂಡರು. ಹನ್ನೊಂದೂ ಹದಿಮೂರಕ್ಕೆ ಯಂತ್ರ ನನ್ನನ್ನು ಒಬ್ಬಂಟಿಯೆಂದು ಒಪ್ಪಿ ಒಳಗೆ ಬಿಟ್ಟಿತು.

ಅನುವಾದಕ್ಕೆ ಕೊಟ್ಟಿದ್ದು ಹಿಮ ಬಿದ್ದ ಊರಿನ ಒಂದು ಪುಟದ ವರ್ಣನೆ. ನಾನು ಹಿಮ ಕಂಡವಳಲ್ಲ. ತಲೆಯೆತ್ತಿದರೆ ಎದುರಿಗೆ ಬಿಳಿ ಬಟ್ಟೆಯಡಿ ಎತ್ತರ ತಗ್ಗಾಗಿ ಸಾಲಾಗಿ ನಿಂತ ದೇವರುಗಳು, ಎಡಕ್ಕೆ ತಮ್ಮ ಎರಡು ಕೊಂಬುಗಳು ಎಲೆಯುದುರಿದ ಮರಗಳಂತೆ. ನೋಡಿದ್ದನ್ನು ಬರೆದೆ. ನಡುವೆ ಒಮ್ಮೆ ಯಜಮಾನರು ಕಾಫಿ ಕೇಳಿದ್ದು, ‘ಗ್ರಹಣ ಹಿಡಿದೈತೆ, ಈಗೇನೂ ಇಲ್ಲ’ ಎಂದು ಅತ್ತೆಯವರು ಅಂದದ್ದು ಕೇಳಿಸಿತು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಗಂಟೆಯ ಕಾಲ ನನ್ನನ್ನು ಯಾರೂ ಕರೆಯದಿದ್ದುದು ಇದೇ ಮೊದಲೆಂದು ಕಾಣುತ್ತದೆ. ಹೆರಿಗೆಯ ದಿನ ಕೂಡ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಲು ಫೋನು ಬಂದಿತ್ತು.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆ ಇಷ್ಟೇ. ತಮಗೆ ನನ್ನ ಲ್ಯಾಪ್‌ಟಾಪಿನ ಮೇಲೆ ಕೋಪವಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ಮೌನವ್ರತವಿದ್ದರೆ ಯಾವ ದಿನಗಳಂದು ಎಂಬುದನ್ನು ಬಾಗಿಲಿಗೆ ಅಂಟಿಸಬೇಕು. ಇಬ್ಬರ ಜಾತಕವೇ ಕೂಡಿಬರುವುದಿಲ್ಲವೆಂದಾದರೆ ತಾವು ತಯಾರಾದ ದಿನ, ಹೊತ್ತು ಹಾಗೂ ಊರನ್ನು ಕೊಟ್ಟು ಸಹಕರಿಸಬೇಕು. ಅಲ್ಲಿಯವರೆಗೆ ವಿಭೂತಿಗೆ ಕೊರತೆ ಮಾಡುವುದಿಲ್ಲ.

ಎರಡೂವರೆ ಅಡಿ ದೂರದಿಂದ,
ಸಂಪರ್ಕ ಸಿಗದಿದ್ದರೂ ತಮ್ಮ ವಿಶ್ವಾಸಿ,
ಮೀನಾಕ್ಷಿ

ಮರೆತ ಮಾತು: ಈ ಪತ್ರ ಬರೆದಿಟ್ಟು ಹದಿನೆಂಟು ದಿನಗಳಾದವು. ಆ ಹನ್ನೆರಡು ಜನರಲ್ಲಿ ನಾನೂ ಒಬ್ಬಳೆಂದು ತಿಳಿಸಿದ್ದಾರೆ. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಏಳೂವರೆಯಿಂದ ಒಂಬತ್ತರವರೆಗೆ, ಅಂದರೆ ಸರಿಯಾಗಿ ರೊಟ್ಟಿಯ ಹೊತ್ತಿಗೆ, ತರಗತಿ. ‘ವಾರಕ್ಕೆ ಮೂರು ಗ್ರಹಣ ಎಲ್ಲೈತವ್ವ?’ ಎಂದು ಯಜಮಾನರು ಕೇಳಿದರು. ‘ನಮ್ಮನಿ ಪಂಚಾಂಗದಾಗೈತೆ, ನೀನು ರೊಟ್ಟಿ ಬಡಿಯದು ಕಲಿ’ ಎಂದರು ಅತ್ತೆಯವರು. ನಿನ್ನೆ ಮತ್ತೆ ಅಮಾವಾಸ್ಯೆ. ಅತ್ತೆಯವರು ಲ್ಯಾಪ್‌ಟಾಪನ್ನು ಒದ್ದೆ ಬಟ್ಟೆಯಿಂದ ಒರೆಸಿ ವಿಭೂತಿ ತರಲು ಹೋದಾಗ, ಅದರ ಮುಂದಿನ ಅಂಚಿನಲ್ಲಿ ಒಂದು ಸಣ್ಣ ನೀಲಿ ದೀಪ ಹತ್ತಿ, ತೆರೆದೇ ಇದ್ದ ಪರದೆಯಲ್ಲಿ ತಮ್ಮ ಹೆಸರೂ ಬೀದಿಯ ಏಳು ರೂಟರುಗಳ ಹೆಸರೂ ಒಟ್ಟಿಗೆ ಕಾಣಿಸಿಕೊಂಡವು. ಬಗ್ಗಿ ನೋಡಿದರೆ ಅಲ್ಲಿ ವಯರಿಲ್ಲದ ಸಂಪರ್ಕವನ್ನು ತೆರೆದು ಮುಚ್ಚುವ ಅಕ್ಕಿಕಾಳಿನಷ್ಟು ಸ್ವಿಚ್ಚು. ಬಟ್ಟೆ ಎಳೆದ ಕಡೆಗೆ ಸರಿಯುತ್ತದೆ. ಕಳೆದ ಅಮಾವಾಸ್ಯೆಗೆ ಆ ಕಡೆ, ಈ ಅಮಾವಾಸ್ಯೆಗೆ ಈ ಕಡೆ. ತಮ್ಮದು ಯಾವ ತಪ್ಪೂ ಇರಲಿಲ್ಲ. ನಾನು ಒಂದು ನಿಮಿಷ ಯೋಚಿಸಿ, ಅತ್ತೆಯವರು ಬರುವ ಮೊದಲು ಅದನ್ನು ಉಗುರಿನಿಂದ ಮತ್ತೆ ಮುಚ್ಚುವ ಕಡೆಗೇ ಸರಿಸಿದೆ. ಮೇಲಿನ ದೂರುಗಳಲ್ಲಿ ಒಂದನ್ನೂ ಹಿಂತೆಗೆದುಕೊಳ್ಳುತ್ತಿಲ್ಲ. ಇನ್ನು ಆರು ತಿಂಗಳು ಈ ಅಪವಾದವನ್ನು ತಾವೇ ಹೊತ್ತುಕೊಂಡಿರಬೇಕು. ಮತ್ತೆ, ಈ ಪತ್ರ ಅಚ್ಚಾದ ಪತ್ರಿಕೆಯನ್ನು ತಮ್ಮ ಅಡಿಗೇ ಹಾಸುತ್ತೇನೆ. ದಯವಿಟ್ಟು ಅದರ ಮೇಲಿಂದ ಏಳಬೇಡಿ.